ಅರ ಹಾಕಿದ ಹಲ್ಲು

ಗಡಿಯಾರ ರಿಪೇರಿ ಅಂಗಡಿಯ ಸರದಿ ಸಾಲಿನಲ್ಲಿ, ತನ್ನ ಗಡಿಯಾರ ತಂದಿದ್ದ ಒಬ್ಬ ಟೈಲರಮ್ಮನ ಮುಂದೆ ತಲೆ ನರೆತ ಅಕ್ಕ-ತಮ್ಮ ನಿಂತಿದ್ದರು. ತಮ್ಮನ ಕೈಯಲ್ಲಿ ಗೇಣುದ್ದದ ಆಟಿಕೆ ಉಗಿಬಂಡಿಯ ಎಂಜಿನ್ ಇತ್ತು.

“ಚಕ್ರ ಬಿಗಿಯಾಗಿತ್ತು ಅಕ್ಕ. ಅದಕ್ಕೇ ಗೇರಿನ ಹಲ್ಲಿಗೆ ಸ್ವಲ್ಪ ಅರ ಹಾಕಿ ಉಜ್ಜಿದೆ.”

“ಒಂದು ತೊಟ್ಟು ಎಣ್ಣೆ ಬಿಡೋಕೆ ಏನಾಗಿತ್ತು?”

“ಈಗ ಮೋಟರು ಸಲೀಸಾಗಿ ತಿರುಗುತ್ತೆ.”

“ಹಲ್ಲು ಸವೆದು ಚಕ್ರಾನೇ ತಿರುಗಲ್ವಲ್ಲ. ಅಪ್ಪ ಇದನ್ನ ಮುಟ್ಟೋಕೆ ಬಿಡದೇ ಇದ್ದದ್ದು ನಿನ್ನ ಕೈಗುಣ ನೋಡೇ.”

“ಸಂಜೆ ಆಸ್ಪತ್ರೆಯಿಂದ ಬರ್ತಾರೆ, ಓಡಿಸಿ ತೋರಿಸೋಣ ಅಂತಿದ್ದೆ.”

“ಕೋತಿ ಕೈಗೆ ಮಾಣಿಕ್ಯ ಕೊಟ್ಟ ಹಾಗಾಯ್ತು.”

ಅಂಗಡಿಯವನು ಎಂಜಿನ್ ತಿರುಗಿಸಿ ನೋಡಿ, ಹೊಸ ಗೇರು ಬರೋಕೆ ಎರಡು ವಾರ ಬೇಕು ಎಂದ. ತಮ್ಮನ ಮುಖ ಬಾಡಿತು.

“ಅಪ್ಪ ಕೇಳಿದರೆ?”

“ನಾನೇ ಬೀಳಿಸಿ ರಿಪೇರಿಗೆ ಕೊಟ್ಟೆ ಅಂತೀನಿ. ನೀನು ಬಾಯಿ ಬಿಡಬೇಡ. ಆ ಸುಳ್ಳನ್ನೂ ರಿಪೇರಿ ಮಾಡೋಕೆ ಹೋಗ್ತೀಯ.”

ಎಂಜಿನ್ ಅಂಗಡಿಯಲ್ಲೇ ಬಿಟ್ಟು ಅಕ್ಕ ಮೆಟ್ಟಿಲಿಳಿದಳು. ತಮ್ಮ ಹಿಂದೆಯೇ ಹೋದ.