ಎರಡನೇ ಡಿಕಾಕ್ಷನ್

ನೋಡಿ ಭಕ್ತರೇ, ಊರು ಅಂದಮೇಲೆ ಅಲ್ಲೊಬ್ಬ ಶ್ರೀಮಂತ ಇರಲೇಬೇಕಲ್ಲ, ನಾನು ಹೇಳುವ ಈ ಕಥೆಯ ಊರಿನಲ್ಲೂ ಇದ್ದ. ಎಂಥ ಅತಿಥಿಪ್ರಿಯ ಅಂತೀರಿ! ದೇವಸ್ಥಾನಕ್ಕೆ ಊಟದ ಹಾಲ್ ಕಟ್ಟಿಸಿಕೊಟ್ಟಿದ್ದ. ಬಾಗಿಲ ಮೇಲೆ ‘ಅತಿಥಿ ದೇವೋ ಭವ’ ಎಂದು ಚಿಕ್ಕ ಅಕ್ಷರದಲ್ಲಿ ಬರೆಸಿ, ಕೆಳಗೆ ತನ್ನ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆಸಿದ್ದ. ದೇವರ ಕಣ್ಣು ಚೆನ್ನಾಗಿದೆ, ಚಿಕ್ಕದಾದರೂ ಓದಿಕೊಳ್ಳುತ್ತಾನೆ. ಜನರಿಗೆ ಕಾಣಬೇಡವೆ?

ಅವನಿಗೆ ಒಬ್ಬಳೇ ಮಗಳು, ಮೂರನೇ ತರಗತಿ. ಉತ್ತರ ಪತ್ರಿಕೆಗಳನ್ನು ಪೋಷಕರ ಸಭೆಯಲ್ಲೇ ಕೈಗೆ ಕೊಡುವುದು ಆ ಶಾಲೆಯ ಪದ್ಧತಿ. ಸಭೆಯ ದಿನ ಬೆಳಿಗ್ಗೆ ಮಗಳು ಮೆಲ್ಲಗೆ ಹೇಳಿದಳು, “ಅಪ್ಪಾ, ಒಂದು ಪ್ರಶ್ನೆಗೆ ಟೀಚರ್ ಸೊನ್ನೆ ಕೊಟ್ಟಿದ್ದಾರಂತೆ.” ಯಾವ ಪ್ರಶ್ನೆ? ‘ಮನೆಗೆ ಅತಿಥಿ ಬಂದರೆ ಏನು ಮಾಡಬೇಕು?’ ಶ್ರೀಮಂತನಿಗೆ ಮೈಯೆಲ್ಲ ಉರಿದುಹೋಯಿತು. ಗಣಿತದಲ್ಲಿ ಸೊನ್ನೆ ಬರಲಿ, ಇಂಗ್ಲಿಷಿನಲ್ಲಿ ಬರಲಿ, ಸಹಿಸಿಕೊಳ್ಳಬಹುದು. ಅತಿಥಿಯ ಪ್ರಶ್ನೆಗೆ ಸೊನ್ನೆಯೆ? ಅದೂ ತನ್ನ ಮನೆಯ ಮಗುವಿಗೆ?

ಶಾಲೆಯ ಕಮಿಟಿಗೂ ಅವನೇ ಯಜಮಾನ, ಕೇಳಬೇಕೆ. ಸಭೆಗೆ ಹೋದವನೇ ಗುಡುಗಿದ. “ಏನ್ರೀ ಟೀಚರ್, ನನ್ನ ಮನೇಲಿ ಬೆಳೆದ ಮಗೂಗೆ ಅತಿಥಿ ಅಂದ್ರೇನು ಅಂತ ಗೊತ್ತಿಲ್ವಾ? ಪೂರ್ತಿ ಮಾರ್ಕ್ಸ್ ಹಾಕಿ. ಇಲ್ಲಾಂದ್ರೆ ನಾಳೆಯಿಂದ ಬೇರೆ ಸ್ಕೂಲ್ ನೋಡ್ಕೊಳ್ಳಿ!”

ಪಾಪ, ಆಕೆ ತಗ್ಗಿದ ದನಿಯಲ್ಲಿ ಹೇಳಿದಳು, “ಸರ್, ಆಮೇಲೆ ನೀವೊಬ್ರೇ ಬಂದು ಓದ್ಕೊಳ್ಳಿ.”

“ಯಾಕ್ರೀ ಆಮೇಲೆ? ಮೈಕ್ ತಗೊಳ್ಳಿ, ಎಲ್ರ ಮುಂದೆ ಓದಿ. ಸರೀನೋ ತಪ್ಪೋ ಜನಾನೇ ಹೇಳ್ಲಿ!”

ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆಯುವುದು ಅಂದರೆ ಇದೇ. ಟೀಚರ್ ಓದಿದಳು. ಮಗು ಬರೆದದ್ದು ಹೀಗಿತ್ತು:

‘ಅತಿಥಿ ಬಂದರೆ ಮೊದಲು ಕಿಟಕಿಯಿಂದ ನೋಡಬೇಕು. ಕಾರಿನಲ್ಲಿ ಬಂದವರಿಗೆ ಮೊದಲನೇ ಡಿಕಾಕ್ಷನ್ ಕಾಫಿ ಕೊಡಬೇಕು. ಬಸ್ಸಿನಲ್ಲಿ ಬಂದವರಿಗೆ ಅದೇ ಪುಡಿಗೆ ಇನ್ನೊಂದು ಸಲ ನೀರು ಹಾಕಿ ಎರಡನೇ ಡಿಕಾಕ್ಷನ್ ಕೊಡಬೇಕು. ಊಟದ ಹೊತ್ತಿಗೆ ಬಂದರೆ, ಊಟ ಮುಗಿಸ್ಕೊಂಡೇ ಬಂದಿರ್ತೀರಲ್ವಾ ಎಂದು ನಗುತ್ತಾ ಕೇಳಬೇಕು. ಅವರು ಹೋದ ಮೇಲೆ, ಸದ್ಯ ದೇವರೇ, ಹೋದ್ರಲ್ಲ ಅನ್ನಬೇಕು. ಹೀಗೆ ಅತಿಥಿಗಳಿಂದ ನಮಗೆ ದೇವರ ನೆನಪಾಗುತ್ತದೆ.’

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಹಿಂದಿನ ಬೆಂಚಿನಲ್ಲಿ ಶ್ರೀಮಂತನ ತಂಗಿಯ ಗಂಡ ಕೂತಿದ್ದ, ಬಸ್ಸಿನಲ್ಲೇ ಓಡಾಡುವ ಮನುಷ್ಯ. ಅವನು ಎದ್ದು ನಿಂತು, “ಓಹೋ! ಅದಕ್ಕೇನಾ ಭಾವ, ನಿಮ್ಮನೆ ಕಾಫಿ ಅಷ್ಟು ತೆಳ್ಳಗಿರೋದು?” ಎಂದುಬಿಟ್ಟ.

ಯಾಕೆ, ನೀವೂ ನಗುತ್ತಿದ್ದೀರಲ್ಲ! ಆ ಕಡೆ ಕೂತ ತಾಯಂದಿರು ಮಾತ್ರ ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾರೆ. ನಾನು ಯಾರ ಹೆಸರಾದರೂ ಹೇಳಿದೆನೆ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬೇಡಿ.

ಆ ನಗುವಿನ ನಡುವೆ ಮಗು ಎದ್ದು ಬಂದು ಅಪ್ಪನ ಕೈ ಹಿಡಿದಳು. “ಅಪ್ಪಾ, ಇದ್ರಲ್ಲಿ ಯಾವುದು ತಪ್ಪು?”

ನೋಡಿ, ಅವಳು ಅಣಕಿಸಲು ಕೇಳಲಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆದಿದ್ದಳು. ಅಪ್ಪ ಒಂದು ಮಾತು ಹೇಳಿದರೆ ಸಾಕು, ನಂಬುತ್ತಿದ್ದಳು. ‘ತಪ್ಪು ನಿಂದಲ್ಲ, ನಮ್ಮದು’ ಅಂದಿದ್ದರೆ ಮುಗಿದಿತ್ತು. ಶ್ರೀಮಂತ ಸುತ್ತಲೂ ನೋಡಿದ. ಮಗಳು ಬೇಕೋ ಮರ್ಯಾದೆ ಬೇಕೋ? ಕೈ ಕೊಸರಿಕೊಂಡ. “ಎಲ್ಲಾ ಸುಳ್ಳು! ಟಿವಿ ನೋಡಿ ಏನೇನೋ ಗೀಚಿದಾಳೆ. ನೀವು ಸೊನ್ನೆ ಕೊಟ್ಟಿದ್ದೇ ಸರಿ, ಟೀಚರ್.”

ಟೀಚರ್ ಕೆಲಸ ಉಳಿಯಿತು. ಶ್ರೀಮಂತನ ಮಾನವೂ ಉಳಿಯಿತು. ಮಗು ಅಳಲಿಲ್ಲ, ಅಪ್ಪನ ಮುಖವನ್ನೇ ನೋಡುತ್ತಾ ನಿಂತಳು. ಅದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ವರ್ಷದ ಕೊನೆಯ ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು. ಈ ಸಲ ಮಗು ಬರೆದಳು: ‘ನಮ್ಮ ಮನೆಯಲ್ಲಿ ಅತಿಥಿಗಳನ್ನು ದೇವರಂತೆ ಕಾಣುತ್ತೇವೆ. ಎಲ್ಲರಿಗೂ ಒಂದೇ ರೀತಿ ಉಪಚಾರ ಮಾಡುತ್ತೇವೆ.’ ಪೂರ್ತಿ ಅಂಕ! ಶ್ರೀಮಂತ ಊರಿಗೆಲ್ಲ ಪೇಡ ಹಂಚಿದ. ಮಗಳ ಬೆನ್ನು ತಟ್ಟಿ ಕೇಳಿದ, “ಎಷ್ಟು ಚೆನ್ನಾಗಿ ಬರೆದಿದೀಯಲ್ಲೇ! ಯಾರು ಹೇಳಿಕೊಟ್ರು?”

“ನೀವೇ ಅಪ್ಪಾ.”

ಈಗ ನಿಮ್ಮನ್ನು ಕೇಳುತ್ತೇನೆ. ಮಕ್ಕಳು ಸುಳ್ಳು ಹೇಳುತ್ತಾರೆ ಸ್ವಾಮಿಗಳೇ, ಒಂದು ತಾಯತ ಕಟ್ಟಿಕೊಡಿ ಎಂದು ನನ್ನ ಹತ್ತಿರ ಬರುತ್ತೀರಲ್ಲ, ಆ ತಾಯತವನ್ನು ಯಾರ ಕೈಗೆ ಕಟ್ಟಲಿ? ಮಗುವಿಗೋ ನಿಮಗೋ?

ನಾಳೆ ಯಾರಾದರೂ ಬಾಗಿಲು ತಟ್ಟಿದರೆ ಕಿಟಕಿಗೆ ಹೋಗಬೇಡಿ, ಬಾಗಿಲಿಗೆ ಹೋಗಿ. ಕಾಫಿ ಎಲ್ಲರಿಗೂ ಒಂದೇ ಇರಲಿ, ಪುಡಿ ಕಡಿಮೆಯಿದ್ದರೆ ಎಲ್ಲರಿಗೂ ತೆಳ್ಳಗೇ ಇರಲಿ, ನಡೆಯುತ್ತದೆ. ಆದರೂ ಒಂದು ದಿನ ನಿಮ್ಮ ಮಗು ನಾಲ್ಕು ಜನರ ಮುಂದೆ ನಿಮ್ಮ ನಿಜ ಹೇಳಿಬಿಡುತ್ತದೆ. ಹೇಳಿಯೇ ಹೇಳುತ್ತದೆ! ಆಗ ಮುಖ ಕೆಂಪಾದರೂ ಸರಿ, ಕೈ ಕೊಸರಿಕೊಳ್ಳಬೇಡಿ. ‘ಹೌದು ಕಂದಾ, ನೀನು ಹೇಳಿದ್ದು ನಿಜ’ ಎಂದು ಆ ನಾಲ್ಕು ಜನರ ಮುಂದೆಯೇ ಹೇಳಿ.