ಯರ್ರಪ್ಪನ ಉತ್ತರ ಪತ್ರಿಕೆ

ರಾಯದುರ್ಗದ ಹಿರಿಯರೇ, ಶಾಲೆಯ ಮಿತ್ರರೇ, ದುಃಖ ನುಂಗಿಕೊಂಡು ಮುಂದೆ ಕುಳಿತಿರುವ ಮೇಷ್ಟ್ರ ಧರ್ಮಪತ್ನಿ ಆದಿಲಕ್ಷ್ಮಮ್ಮನವರೇ — ಎಲ್ಲರಿಗೂ ನಮಸ್ಕಾರ. ನಮ್ಮನ್ನು ಅಗಲಿದ ಇಂಗ್ಲಿಷ್ ಮೇಷ್ಟ್ರು ಲಕ್ಷ್ಮೀನರಸಪ್ಪನವರ ಪಕ್ಕದ ಕುರ್ಚಿಯಲ್ಲಿ ಇಪ್ಪತ್ತೆರಡು ವರ್ಷ ಕುಳಿತ ಕನ್ನಡ ಪಂಡಿತ ನಾನು. ಇವತ್ತು ಅವರನ್ನು ಹೊಗಳುವುದಿಲ್ಲ. ಅವರು ಮಾಡಿದ ಒಂದು ತಪ್ಪನ್ನು ಹೇಳುತ್ತೇನೆ. ಅಮ್ಮನವರ ಅಪ್ಪಣೆ ಪಡೆದೇ ಹೇಳುತ್ತಿದ್ದೇನೆ.

ಮೂವತ್ತೆರಡನೇ ಇಸವಿ, ಜನವರಿ. ಎಸ್.ಎಸ್.ಎಲ್.ಸಿ. ಮಕ್ಕಳಿಗೆ ಒಂದು ಇಂಗ್ಲಿಷ್ ಪದ್ಯವಿತ್ತು. ಕಣ್ಣು ಮುಚ್ಚಿದರೆ ಕೆಟ್ಟ ಕನಸು, ಎಂದೋ ಮಾಡಿದ ತಪ್ಪಿನ ನಾಚಿಕೆ, ಮಲಗುವುದಕ್ಕೇ ಹೆದರುವ ಕವಿ — ಅಂಥ ಪದ್ಯ. ಪಬ್ಲಿಕ್ ಪರೀಕ್ಷೆಗೆ ಯಾರನ್ನು ಕಳಿಸಬೇಕೆಂದು ಆರಿಸುವ ಸೆಲೆಕ್ಷನ್ ಪರೀಕ್ಷೆಯಲ್ಲಿ ಅದರ ಮೇಲೆ ಪ್ರಶ್ನೆ ಬಂತು. ನೇಮಕಲ್ಲಿನ ಕುರಿ ಸಾಕುವ ಮನೆಯ ಯರ್ರಪ್ಪ ಮೂರು ಪುಟ ಬರೆದ. ತನ್ನ ತಾಯಿಯೂ ನಿದ್ದೆಯಲ್ಲಿ ಅಳುತ್ತಾಳೆ, ಅವಳು ಒಮ್ಮೆ ಸಿಟ್ಟಿನಲ್ಲಿ ತನ್ನ ತಂಗಿಗೆ ಮನೆಗೆ ಬರಬೇಡ ಅಂದಿದ್ದಳು, ಆ ತಂಗಿ ಹೆರಿಗೆಯಲ್ಲಿ ತೀರಿಕೊಂಡಳು ಎಂದು ಬರೆದ. ಕವಿಗೂ ಹಾಗೇ ಆಗಿರಬೇಕು, ಕ್ಷಮೆ ಕೇಳಬೇಕಾದವರು ಇಲ್ಲವಾದರೆ ಕನಸು ಅಷ್ಟು ಕ್ರೂರವಾಗುತ್ತದೆ ಎಂದು ಮುಗಿಸಿದ.

ಮೇಷ್ಟ್ರು ಪತ್ರಿಕೆ ಎತ್ತಿ ಹಿಡಿದು ತರಗತಿಯ ಎದುರಿಗೆ ಕೇಳಿದರು — "ಯಾವ ಗೈಡಿನಾಗಿಂದ ಇಳಿಸಿದಿ?"

"ಇಲ್ರಿ ಸಾರ್, ನಾನೇ ಬರದೀನಿ" ಎಂದ ಯರ್ರಪ್ಪ. ಮೇಷ್ಟ್ರು ನಂಬಲಿಲ್ಲ. ಸೊನ್ನೆ ಹಾಕಿದರು. ಪಬ್ಲಿಕ್ ಪರೀಕ್ಷೆಗೆ ಅವನ ಫಾರಂ ತಡೆದರು. ಹುಡುಗ ಊರಿಗೆ ಹೋಗಿ ಕುರಿ ಹಿಂದೆ ನಿಂತ.

ಆಮೇಲೆ ಮೇಷ್ಟ್ರು ಹುಡುಕಿದರು, ಸ್ವಾಮಿ. ಬಳ್ಳಾರಿಯಿಂದ ಗೈಡುಗಳನ್ನು ತರಿಸಿದರು. ಯಾವುದರಲ್ಲೂ ಆ ಮಾತಿಲ್ಲ. ಒಂದು ಮಧ್ಯಾಹ್ನ ಅದೇ ಪದ್ಯವನ್ನು ಪುನರಾವರ್ತನೆಗೆ ಓದುತ್ತಿದ್ದವರು ನಡುವೆ ನಿಲ್ಲಿಸಿದರು. ಪುಸ್ತಕ ಮುಚ್ಚಿ ನೇರ ನನ್ನ ಬಳಿ ಬಂದರು.

"ಪಂಡಿತ್ರೆ, ಹತ್ತು ದಿನ ಆತು, ನನಗ ನಿದ್ದಿ ಇಲ್ಲ. ಆ ಹುಡುಗ ಕದ್ದಿಲ್ಲ. ಅವ ಅದಾನ, ನಾನೂ ಅದೀನಿ. ತಪ್ಪಾತು ಅನ್ನದ ಇನ್ನೂ ಯಾಕ ಕುಂತೀನಿ?"

ತಮ್ಮದೇ ತಪ್ಪೆಂದು ಹೆಡ್‌ಮಾಸ್ಟರರಿಗೆ ಬರೆದುಕೊಟ್ಟರು. "ಇದು ಫೈಲಿಗೆ ಹೋದರೆ ನಿಮ್ಮ ಬಡ್ತಿ ಹೋಗುತ್ತದೆ" ಎಂದು ಅವರು ಎಚ್ಚರಿಸಿದರು. "ಹೋಗ್ಲಿ ಬಿಡ್ರಿ, ಫಾರಮಿಗೆ ಸಹಿ ಮಾಡ್ರಿ" ಎಂದರು ನಮ್ಮ ಮೇಷ್ಟ್ರು. ಬಡ್ತಿ ಹೋಯಿತು. ಕೊನೆಯವರೆಗೂ ಬರಲಿಲ್ಲ.

ಮರುದಿನ ಎತ್ತಿನ ಗಾಡಿಯಲ್ಲಿ ನಾವಿಬ್ಬರೂ ನೇಮಕಲ್ಲಿಗೆ ಹೋದೆವು. ಕುರಿ ದೊಡ್ಡಿಯ ಮುಂದೆ ಯರ್ರಪ್ಪನೂ ಅವನ ತಾಯಿ ಬೊಮ್ಮಕ್ಕನೂ ನಿಂತಿದ್ದರು. ಮೇಷ್ಟ್ರು ಚಪ್ಪಲಿ ಬಿಟ್ಟು, ಕೈ ಮುಗಿದು — ಹೀಗೆ — "ನಂದು ತಪ್ಪಾತು, ಯರ್ರಪ್ಪ" ಎಂದರು. ಬೊಮ್ಮಕ್ಕನೇ ಮೊದಲು ಮಾತಾಡಿದಳು.

"ನೀವು ಕೇಳಾಕ ಬಂದ್ರಲ್ರಿ ಮೇಷ್ಟ್ರ. ನನ್ನ ತಂಗಿ ಹತ್ರ ನನಗ ಹಂಗ ಹೋಗಾಕ ಆಗಲಿಲ್ಲ."

ಆಗ ಯರ್ರಪ್ಪ ಮೆಲ್ಲಗೆ ಕೇಳಿದ — "ಸಾರ್, ಫಾರಂ ಕಳಿಸಾಕ ಇನ್ನೂ ದಿನ ಅದಾವೇನ್ರಿ?"

"ಎರಡು ದಿನ ಅದಾವ" ಎಂದು ಮೇಷ್ಟ್ರು ಕೋಟಿನ ಜೇಬಿನಿಂದ ಅದನ್ನು ತೆಗೆದರು. ಗಾಡಿಯ ಹಲಗೆಯ ಮೇಲೇ ಹುಡುಗ ಸಹಿ ಮಾಡಿದ.

ಗೆದ್ದ, ಸ್ವಾಮಿ. ಆ ವರ್ಷ ಇಂಗ್ಲಿಷಿನಲ್ಲಿ ಇಡೀ ಶಾಲೆಗೆ ಮೊದಲು ನಿಂತ. ಫಲಿತಾಂಶ ಓದಿದ ದಿನ ನಮ್ಮ ಮೇಷ್ಟ್ರು ಪೇಟೆಯಲ್ಲಿ ಸಿಕ್ಕಸಿಕ್ಕವರಿಗೆಲ್ಲ, ತೆಲುಗಿನವರಿಗೆ ತೆಲುಗಿನಲ್ಲಿ, ಕನ್ನಡದವರಿಗೆ ಕನ್ನಡದಲ್ಲಿ ಹೇಳಿದರು — ನಾನು ಸೋತೆ, ನನ್ನ ಶಿಷ್ಯ ಗೆದ್ದ. ಅಷ್ಟು ಸಂತೋಷದಿಂದ ಸೋತವರನ್ನು ನಾನು ಬೇರೆ ಕಂಡಿಲ್ಲ.

ಆ ಯರ್ರಪ್ಪನವರು ಈಗ ಮಡಕಶಿರಾದ ಕಡೆ ಇಂಗ್ಲಿಷ್ ಮೇಷ್ಟ್ರು. ಅಗೋ, ಎರಡನೇ ಸಾಲಿನಲ್ಲಿದ್ದಾರೆ. ಮೊನ್ನೆ ಮೇಷ್ಟ್ರ ಸಾವಿನ ತಂತಿ ಕೈಗೆ ಬಂದಾಗ ತರಗತಿಯಲ್ಲಿದ್ದರಂತೆ. ಪಾಠ ಪೂರ್ತಿ ಮುಗಿಸಿಯೇ ರೈಲು ಹತ್ತಿದರು. ಲಕ್ಷ್ಮೀನರಸಪ್ಪನವರು ಇದ್ದಿದ್ದರೆ, ಸರಿಯಾಗಿ ಮಾಡಿದಿ ಅನ್ನುತ್ತಿದ್ದರು.

ಈಗ ಎಲ್ಲರೂ ಏಳೋಣ. ಆದಿಲಕ್ಷ್ಮಮ್ಮನವರೇ, ನೀವು ಕುಳಿತೇ ಇರಿ, ನಿಮ್ಮ ಪರವಾಗಿ ನಾವು ನಿಲ್ಲುತ್ತೇವೆ. ಯರ್ರಪ್ಪನವರೇ, ಮುಂದೆ ಬಂದು ಅಮ್ಮನ ಪಕ್ಕದಲ್ಲಿ ನಿಲ್ಲಿರಿ. ಎರಡು ನಿಮಿಷ — ಯಾರೂ ಮಾತಾಡುವುದು ಬೇಡ.