ಓದಿದ ಮೇಲೆ ಸೈನ್

ಹೆಬ್ಬಾಳದ ಆಸ್ಪತ್ರೆಯೊಂದರಲ್ಲಿ ಟೋಕನ್ ಹಿಡಿದು ಕೂತಿದ್ದೆ. ಪಕ್ಕದಲ್ಲಿ ಮಾಸ್ಕ್ ಹಾಕಿದ್ದ, ತಲೆಗೂದಲು ಉದುರಿದ್ದ ಒಬ್ಬ ತನ್ನ ಅಕ್ಕನಿಗೆ ಹೇಳುತ್ತಿದ್ದ.

“ಬ್ಲಡ್ ಕ್ಯಾನ್ಸರ್‌ಗೂ ಈಗ ದಾರಿ ಐತಂತೆ ಅಕ್ಕ. ಮೊದ್ಲು ಮೂಳೆಮಜ್ಜೆ ಪೂರ್ತಿ ಮ್ಯಾಚ್ ಆಗ್ಬೇಕಿತ್ತು. ಈಗ ಒಡಹುಟ್ಟಿದೋರದು ಅರ್ಧ ಆದ್ರೂ ಸಾಕಂತೆ.”

“ಒಡಹುಟ್ಟಿದೋರಾ? ಜಕ್ಕೂರು ಜಮೀನು ಮಾರೋವಾಗ ಏನಂದೆ ಮುನೀಂದ್ರ? ಮದ್ವೆ ಮಾಡಿಕೊಟ್ಟ ಮೇಲೆ ಇವಳಿಗೂ ನಮ್ಮನೆಗೂ ಏನ್ ಸಂಬಂಧ ಅಂದೆ.”

“ಹಿಂಗೆ ಹಳೇದೆಲ್ಲ ಕೆದಕ್ಬೇಡ. ಮುಂದೆ ತಕರಾರು ಬರಬಾರ್ದು ಅಂತ ಲಾಯರ್ ಹೇಳಿದ್ರು.”

“ಭಾರಿ ಮುಂದಾಲೋಚನೆ ಕಣಪ್ಪ! ಅಕ್ಕ ಭಾಗ ಕೇಳ್ಬೋದು ಅಂತ ಹತ್ತು ವರ್ಷ ಮೊದ್ಲೇ ಹೊಳೀತು. ಕಾಯಿಲೆ ಬರ್ಬೋದು, ಅಕ್ಕ ಬೇಕಾಗ್ಬೋದು ಅಂತ ಹೊಳೀಲಿಲ್ಲ.”

“ಹಂಗಾದ್ರೆ ಕೊಡಲ್ವಾ?”

“ಕೊಡದೆ ಇರೋಳು ಬಾಗಲೂರಿಂದ ಬಸ್ ಹತ್ಕೊಂಡು ಬರ್ತಿದ್ನಾ?”

ನರ್ಸ್ ಒಪ್ಪಿಗೆ ಪತ್ರ ತಂದುಕೊಟ್ಟಳು. ಅವನು ತಕ್ಷಣ ಪೆನ್ ತೆಗೆದು ಅಕ್ಕನ ಮುಂದೆ ಹಿಡಿದ.

“ಒಳಗಿಡು ಅದನ್ನ. ಆವತ್ತು ಗೌರಿ ಹಬ್ಬದ ಬಾಗಿನ ಕೊಡ್ತೀನಿ ಅಂತ ಕರೆಸಿ, ಓದೋಕೂ ಬಿಡ್ದೆ ಭಾಗ ಬೇಡ ಅಂತ ಸೈನ್ ಹಾಕಿಸ್ಕೊಂಡೆ. ಇವತ್ತು ಪ್ರತಿ ಪುಟಾನೂ ಓದ್ತೀನಿ. ನೀನು ನಿಂತ್ಕೊಂಡಿರು.”

ಕನ್ನಡಕ ಏರಿಸಿಕೊಂಡು ಅವಳು ಕಿಟಕಿಯ ಬೆಳಕಿಗೆ ನಡೆದಳು. ಅವಳ ಬ್ಯಾಗು ಹಿಡಿದು ಅವನು ಹಿಂದೆಯೇ ಹೋದ.